ಬಾಲ ಸೇರಿಸಿ ಅಳೆದ ಕೇರೆ ಹಾವು

ಓದುವ ಎಲ್ಲರಿಗೂ ಶರಣು. ನನಗೆ ಬರೆದು ರೂಢಿಯಿಲ್ಲ. ಹತ್ತನೇ ತರಗತಿ ಪಾಸಾದದ್ದೇ ಮೂವತ್ತಾರನೇ ವಯಸ್ಸಿನಲ್ಲಿ, ಮಗಳ ಪುಸ್ತಕ ಇಸಿದುಕೊಂಡು ಓದಿ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ, ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಚಹಾ ಆರಿ ಹೋಗಿರುತ್ತದೆ. ಒತ್ತಕ್ಷರ ತಪ್ಪಿದ್ದರೆ, ಮಾತು ಹಿಂದುಮುಂದಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೇಳಲು ಹೊರಟಿರುವುದೂ ನನ್ನ ಒಂದು ತಪ್ಪಿನ ವಿಷಯವನ್ನೇ.

ನಾನು ಜಮಖಂಡಿ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ಸಹಾಯಕ. ದಿನಾ ಬರುವುದು ಆಕಳು, ಎಮ್ಮೆ, ಆಡು. ಹಾವು ಬರತೊಡಗಿದ್ದು ಈಗಿನ ಡಾಕ್ಟರು ಬಂದ ಮೇಲೆ. ಅವರು ಮೊದಲು ಒಂದು ಮೃಗಾಲಯದಲ್ಲಿ ಕೆಲಸ ಮಾಡಿದವರು. ಕಬ್ಬು ಕಡಿಯುವಾಗ ಕುಡುಗೋಲು ತಾಗಿದ ಹಾವು, ಟ್ರ್ಯಾಕ್ಟರ್ ಗಾಲಿಗೆ ಸಿಕ್ಕಿದ್ದು, ಹೊಳೆದಂಡೆಯ ಮೀನು ಬಲೆಯಲ್ಲಿ ಸಿಕ್ಕಿಬಿದ್ದದ್ದು, ಎಲ್ಲವನ್ನೂ ಅರಣ್ಯ ಇಲಾಖೆಯವರ ಚೀಟಿ ಹಿಡಿದು ನಮ್ಮಲ್ಲಿಗೆ ತರುತ್ತಾರೆ.

ಗಾಯ ಕಣ್ಣಿಗೆ ಕಾಣುತ್ತದೆ. ಕಷ್ಟ ಕೊಡುವುದು ಗಂಟು, ಬಾವು. ಆಕಳ ಮೈಮೇಲಿನ ಕುರು ಕೊಯ್ದರೆ ಕೀವು ಹರಿಯುತ್ತದೆ. ಹಾವಿನ ಕೀವು ಹರಿಯುವುದಿಲ್ಲ, ಖೋವಾದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಹೊರಗಿನಿಂದ ಮುಟ್ಟಿದರೆ ಕೀವಿನ ಗಂಟು, ಮುರಿದು ಕೂಡಿದ ಪಕ್ಕೆಲುಬು, ನುಂಗಿದ ಇಲಿ, ಒಳಗೆ ಬೆಳೆದ ಗಡ್ಡೆ ಎಲ್ಲ ಒಂದೇ ಥರ. ಅದಕ್ಕೇ ಡಾಕ್ಟರು ಪದೇಪದೇ ಹೇಳುತ್ತಿದ್ದರು, ಗಂಟು ನೋಡಿದ ಕೂಡಲೇ ಅದಕ್ಕೊಂದು ಹೆಸರು ಇಡಬೇಡಿ ಎಂದು. ಚರ್ಮದಲ್ಲಿದೆಯೋ ಒಳಗಿದೆಯೋ ಚಿವುಟಿ ನೋಡಬೇಕು. ಬೆರಳಿಗೆ ಜರುಗುತ್ತದೆಯೋ ಇಲ್ಲವೋ ನೋಡಬೇಕು. ಆಮೇಲೆ ಅಳೆಯಬೇಕು. ಹಾವಿನ ಮೈಯೊಳಗೆ ಎಲ್ಲ ಅಂಗಗಳೂ ಒಂದರ ಹಿಂದೊಂದು ಸಾಲಾಗಿ ಇರುವುದರಿಂದ ಗಂಟು ಎಷ್ಟು ದೂರದಲ್ಲಿದೆ ಎಂದು ಗೊತ್ತಾದರೆ ಯಾವ ಅಂಗದ ಹತ್ತಿರ ಇದೆ ಎಂದು ಅಂದಾಜು ಸಿಗುತ್ತದೆ. ಇದಕ್ಕೆಂದು ಅವರೇ ಒಂದು ಹಾಳೆಯ ಮೇಲೆ ಉದ್ದನೆಯ ಹಾವು ಬರೆದು, ಅದನ್ನು ನೂರು ಭಾಗ ಮಾಡಿ, ಔಷಧಿ ಕಪಾಟಿಗೆ ಅಂಟಿಸಿದ್ದರು. ಇಪ್ಪತ್ತರ ಸುಮಾರಿಗೆ ಹೃದಯ, ಅರ್ಧದ ಆಸುಪಾಸು ಹೊಟ್ಟೆ, ಎಪ್ಪತ್ತರ ಹತ್ತಿರ ಹೆಣ್ಣು ಹಾವಿನ ತತ್ತಿ ಇರುವ ಜಾಗ, ಅದಕ್ಕೂ ಹಿಂದೆ ಮೂತ್ರಪಿಂಡ.

ಮೊದಲ ಮಳೆ ಬಂದುಹೋದ ವಾರ. ಬೆಳಿಗ್ಗೆ ಹತ್ತು ಗಂಟೆಗೆ ಬನಹಟ್ಟಿಯ ಹಾವು ಹಿಡಿಯುವವನು ಬೈಕಿನ ಮುಂದೆ ಬಟ್ಟೆಯ ಚೀಲ ಇಟ್ಟುಕೊಂಡು ಬಂದ. ಅವನ ಹೊಟ್ಟೆಪಾಡು ಪವರ್‌ಲೂಮ್‌ನದು. ಹಾವು ಹಿಡಿಯುವುದು ಹುಚ್ಚು. ಹಿಂದಿನ ಸೀಟಿನಲ್ಲಿ ಹಿಪ್ಪರಗಿಯ ಒಬ್ಬ ಮುದುಕಿ, ಸೆರಗು ಬಿಗಿಯಾಗಿ ತಲೆಗೆ ಸುತ್ತಿಕೊಂಡು ಕೂತಿದ್ದಳು.

"ಅಣ್ಣಾರ, ಏಳು ಫೂಟಿಗೆ ಕಮ್ಮಿ ಇಲ್ರಿ! ಇಷ್ಟ ಉದ್ದಂದು ನನ್ನ ಕೈಯಾಗ ಇನ್ನೂ ಬಂದಿದ್ದಿಲ್ಲ" ಎಂದ ಬೈಕಿನಿಂದ ಇಳಿಯುವ ಮೊದಲೇ.

"ಉದ್ದ ಆಮ್ಯಾಲ ಹೇಳಂತಿ. ಏನಾಗೈತಿ ಅದನ್ನ ಹೇಳ ಮೊದಲ."

"ಕಲ್ಲ ನುಂಗೇತ್ರಿ."

ಮುದುಕಿ ಮುಂದೆ ಬಂದಳು. "ನನ್ನ ಕಲ್ಲ ಯಪ್ಪಾ. ಕೋಳಿ ಬುಟ್ಟ್ಯಾಗ ಇಟ್ಟಿದ್ದೆ. ಮೂರ ದಿನಾ ಆತು, ಕಲ್ಲ ಇಲ್ಲ. ನಿನ್ನಿ ನೋಡಿದ್ರ ಈಕೀ ಹೊಟ್ಟಿ ಉಬ್ಬಿಸ್ಕೊಂಡ ದನಾ ಮೇಯೂ ಗ್ವಾದ್ಲಿ ಕೆಳಗ ಬಿದ್ದಾಳ. ಮೊದಲೆಲ್ಲ ಕಂಡ ಕೂಡ್ಲೆ ಓಡಿ ಹೋಗಾಕಿ, ಈಗ ಹೊರಳಾಕೂ ಒಲ್ಲಳು."

ನಮ್ಮ ಕಡೆ ಮನೆಯಲ್ಲಿ ಕೋಳಿ ಸಾಕುವವರಿಗೆ ಇದು ಗೊತ್ತಿರುತ್ತದೆ. ಬುಟ್ಟಿಯಲ್ಲಿ ತತ್ತಿಯಂಥದ್ದೊಂದು ಸದಾ ಕಾಣುತ್ತಿದ್ದರೆ ಕೋಳಿ ಬೇರೆಲ್ಲೂ ಹೋಗದೆ ಅಲ್ಲೇ ಬಂದು ತತ್ತಿ ಇಡುತ್ತದೆ. ಕೆಲವರು ಉಳ್ಳಾಗಡ್ಡಿ ಇಡುತ್ತಾರೆ. ಈಕೆ ಇಟ್ಟದ್ದು ಕೃಷ್ಣೆಯಲ್ಲಿ ನೀರು ಇಳಿದಾಗ ಸಿಕ್ಕ ಒಂದು ಬಿಳಿ ಕಲ್ಲು, ಥೇಟ್ ತತ್ತಿಯ ಹಾಗೆ ನುಣ್ಣಗಿನದು. ಅವಳ ಅತ್ತೆ ಆರಿಸಿ ತಂದದ್ದಂತೆ. ಹಾವೂ ಅವಳಿಗೆ ಹೊಸದಲ್ಲ. ಜೋಳದ ಚೀಲದ ಇಲಿ ಹಿಡಿಯುತ್ತದೆ ಎಂದು ನಾಲ್ಕು ವರ್ಷದಿಂದ ಯಾರೂ ಅದಕ್ಕೆ ಬಡಿಗೆ ಎತ್ತದಂತೆ ಕಾಯ್ದುಕೊಂಡು ಬಂದಿದ್ದಳು.

"ನಾ ಕಾಯ್ದಾಕಿ, ನಾನ ಕಲ್ಲ ಇಟ್ಟ ಕೊಂದಂಗ ಆತು. ತಗದ ಕೊಡ ತಮ್ಮಾ. ಅದು ಸತ್ರ ಆ ಗ್ವಾದ್ಲಿ ಕಡೆ ನಾ ಹೆಂಗ ನೋಡ್ಲಿ?"

ಡಾಕ್ಟರು ಮುಧೋಳದಲ್ಲಿದ್ದರು. ಅಲ್ಲಿ ಒಂದು ಬೇಟೆ ನಾಯಿಗೆ ಮರಿ ಅಡ್ಡ ಸಿಕ್ಕಿತ್ತು. ಫೋನ್ ಮಾಡಿದೆ. "ಎರಡ ಗಂಟೆಕ್ಕ ಬರ್ತೇನಿ. ನೀವ ತೂಕ, ಅಳತಿ ಎಲ್ಲಾ ಮಾಡಿ ಇಡ್ರಿ. ಎಕ್ಸ್‌ರೇ ಆದ್ರ ಮಾಡಸ್ರಿ" ಎಂದರು.

ನಾನು, ಹಾವು ಹಿಡಿಯುವವನು ಇಬ್ಬರೂ ಸೇರಿ ಹಾವಿನ ತಲೆಯನ್ನು ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಳಗೆ ಹರಿಯಬಿಟ್ಟೆವು. ಹೀಗೆ ಮಾಡಿದರೆ ಕಚ್ಚುವ ಭಯವಿಲ್ಲ, ಅದಕ್ಕೂ ಉಸಿರಾಡಲು ತೊಂದರೆಯಿಲ್ಲ. ಕೇರೆಗೆ ವಿಷವಿಲ್ಲದಿದ್ದರೂ ಕಚ್ಚಿದರೆ ರಕ್ತ ಬರುತ್ತದೆ. ಗಂಟಿನ ಮೇಲೆ ಚರ್ಮ ಚಿವುಟಿದೆ, ಸಲೀಸಾಗಿ ಎದ್ದು ಬಂತು. ಅಂದರೆ ಗಂಟು ಒಳಗಿದೆ. ಹೆಬ್ಬೆರಳಿನಿಂದ ಒತ್ತಿದೆ, ಸ್ವಲ್ಪ ಹಿಂದೆಮುಂದೆ ಜರುಗಿತು. ಗಟ್ಟಿಯಾಗಿತ್ತು. ಕಲ್ಲು ಎಂದು ಕಿವಿಗೆ ಬಿದ್ದ ಮೇಲೆ ಕೈಗೂ ಕಲ್ಲೇ ಸಿಕ್ಕಿತು ಎಂದು ಈಗ ಅನಿಸುತ್ತದೆ. ಆಗ ಹಾಗೆ ಅನಿಸಲಿಲ್ಲ.

ನಮ್ಮ ಟೇಪು ದರ್ಜಿಯವರದು, ಒಂದೂವರೆ ಮೀಟರಿನದು. ಹಾವಿಗೆ ಸಾಲಲಿಲ್ಲ. ಮೇಜಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ ಎರಡು ಸಲ ಹಿಡಿದೆವು. ಅವನು ಬಾಲದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ದಾರ ಎಳೆದ ಹಾಗೆ ನೆಟ್ಟಗೆ ಮಾಡಿದ. ಇನ್ನೂರಾ ಎಂಟು ಸೆಂಟಿಮೀಟರ್. "ನೋಡ್ರಿ, ಏಳು ಫೂಟಿಗೆ ಎಳ್ಳಷ್ಟ ಕಡಿಮಿ" ಎಂದು ಬೇಜಾರು ಮಾಡಿಕೊಂಡ. ಗಂಟು ಮೂತಿಯಿಂದ ನೂರಾ ಎಂಟಕ್ಕೆ ಇತ್ತು. ಮೊಬೈಲಿನಲ್ಲಿ ಭಾಗಿಸಿದೆ. ನೂರಕ್ಕೆ ಐವತ್ತೆರಡು. ಕಪಾಟಿನ ಹಾಳೆ ನೋಡಿದೆ. ಐವತ್ತೆರಡು ಎಂದರೆ ಹೊಟ್ಟೆ.

ಕಲ್ಲು ಕಾಣೆಯಾಗಿದೆ, ಹಾವು ಉಬ್ಬಿದೆ, ಉಬ್ಬು ಹೊಟ್ಟೆಯಲ್ಲೇ ಇದೆ. ಲೆಕ್ಕ ಕೂಡಿತು. ಕೂಡಿದ ಲೆಕ್ಕವನ್ನು ಯಾರೂ ಎರಡನೇ ಸಲ ಮಾಡುವುದಿಲ್ಲ. ನಾನೂ ಮಾಡಲಿಲ್ಲ. ಹೊಟ್ಟೆಯಲ್ಲಿ ಕಲ್ಲೇ ಇದೆ ಎಂದು ಮುದುಕಿಗೂ ಹೇಳಿಬಿಟ್ಟೆ.

ಎಕ್ಸ್‌ರೇಗೆಂದು ಮನುಷ್ಯರ ಎಕ್ಸ್‌ರೇ ತೆಗೆಯುವ ಅಂಗಡಿಗೆ ಹೋದೆ. ನಮ್ಮಲ್ಲಿ ಯಂತ್ರ ಇಲ್ಲ. ಅಂಗಡಿಯವರು ಚೀಲ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಇಲ್ಲಿ ಬಾಣಂತ್ಯಾರ ಬರ್ತಾರ, ಮುದುಕ್ರ ಬರ್ತಾರ. ಇದನ್ನ ಮಲಗಿಸಿದ ಟೇಬಲ್ ಮ್ಯಾಲೆ ಆಮ್ಯಾಲ ಯಾರ ಮಲಗ್ಬೇಕ್ರಿ?" ಎಂದರು. ಅವರ ಮಾತೂ ಸರಿಯೇ. ತಿರುಗಿ ಬಂದೆ.

ಎರಡೂವರೆಗೆ ಡಾಕ್ಟರು ಬಂದರು. ಊಟ ಮಾಡಿರಲಿಲ್ಲ. ನನ್ನ ಚೀಟಿ ಓದಿದರು, ಗಂಟು ಮುಟ್ಟಿ ನೋಡಿದರು.

"ಕೇರಿ ಹಾವು ತತ್ತಿ ತಿನ್ನೂದು ಬಾಳ ಕಡಿಮಿ ನೋಡ್ರಿ. ಇಲಿ, ಕಪ್ಪಿ ಅದರ ಊಟ."

"ಕಲ್ಲ ಬುಟ್ಟ್ಯಾಗ ಇಲ್ಲಲ್ರೀ ಸಾಹೇಬ್ರ" ಎಂದಳು ಮುದುಕಿ ಬಾಗಿಲಿನಿಂದ.

ಡಾಕ್ಟರು ಮತ್ತೆ ಚೀಟಿ ನೋಡಿದರು. "ಜಾಗಾ ಹೊಟ್ಟೀದ ಐತಿ" ಎಂದು ತಮಗೇ ಹೇಳಿಕೊಂಡರು.

ಹೊಟ್ಟೆಯಲ್ಲಿ ಇಂಥದ್ದು ಸಿಕ್ಕಿದ್ದರೆ ಕೊಯ್ಯದೆ ತೆಗೆಯುವ ಒಂದು ದಾರಿ ಇದೆ. ಹಾವಿಗೆ ಅರಿವಳಿಕೆ ಕೊಟ್ಟು, ಬಾಯಿಯಿಂದ ನಳಿಕೆ ಇಳಿಸಿ ಎಣ್ಣೆಯಂಥ ಔಷಧಿ ಬಿಟ್ಟು, ಹೊರಗಿನಿಂದ ಬೆರಳಿನಲ್ಲಿ ಮೆಲ್ಲಗೆ ಒತ್ತುತ್ತ ಬಾಯಿಯ ಕಡೆಗೆ ತರುವುದು. ಡಾಕ್ಟರು ಅದನ್ನೇ ಆರಿಸಿದರು. "ಒತ್ತೂ ಕೆಲಸ ನೀವ ಮಾಡ್ರಿ. ನಿಮ್ಮ ಬೆರಳ ಛಲೋ ಅದಾವ" ಎಂದರು. ನಾನು ಎಷ್ಟೋ ವರ್ಷ ಆಕಳ ಗರ್ಭ ಕೈಯಿಂದ ನೋಡಿದವನು. ಆ ಮಾತಿಗೆ ಒಳಗೊಳಗೇ ಉಬ್ಬಿದೆ.

ಡಾಕ್ಟರು ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದರು. ನಾನು ಹಾವಿನ ಹಿಂಭಾಗಕ್ಕೆ ಅಂಗೈ ಕೊಟ್ಟು ಹಿಡಿದಿದ್ದೆ. ಅಷ್ಟರಲ್ಲಿ ಅಂಗೈ ಮೇಲೆ ತಣ್ಣಗೆ ಏನೋ ಬಿತ್ತು. ಹಾವು ನನ್ನ ಕೈಮೇಲೆ ಮಾಡಿಕೊಂಡಿತ್ತು. ಸುಣ್ಣದ ಹಾಗೆ ಬಿಳಿ, ನಡುವೆ ಸ್ವಲ್ಪ ಕಪ್ಪು, ಮೂಗು ಮುಚ್ಚಿಕೊಳ್ಳುವ ವಾಸನೆ. ಹತ್ತಿಯಿಂದ ಒರೆಸುವಾಗ ಅದು ಬಂದ ಜಾಗ ನೋಡಿದೆ. ಹೊಟ್ಟೆಯ ಕೆಳಗೆ ಅಡ್ಡ ಹುರುಪೆಯ ಅಂಚಿನಲ್ಲಿ ಮಲದ್ವಾರದ ಸೀಳು. ಅಲ್ಲಿಂದ ಬಾಲದ ತುದಿ ಒಂದು ಮೊಳ ದಾಟಿ ಇನ್ನೂ ಐದಾರು ಬೆರಳು ದೂರ ಇತ್ತು.

ಆಗ ಡಾಕ್ಟರು ಹಾಳೆ ಅಂಟಿಸಿದ ದಿನ ಹೇಳಿದ್ದು ನೆನಪಾಯಿತು. ನೂರು ಭಾಗ ಮಾಡಬೇಕಾದ್ದು ಮೂತಿಯಿಂದ ಮಲದ್ವಾರದವರೆಗಿನ ಉದ್ದವನ್ನು. ಬಾಲದಲ್ಲಿ ಆ ಅಂಗಗಳು ಯಾವುವೂ ಇರುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಹಿಂದೆ ಬಂದ ಮಂಡಲದ ಹಾವುಗಳ ಬಾಲ ಗಿಡ್ಡ, ತಪ್ಪಿದ್ದರೂ ಹೆಚ್ಚು ವ್ಯತ್ಯಾಸ ಬೀಳುತ್ತಿರಲಿಲ್ಲ. ಕೇರೆಗೆ ಮೈಯ ಕಾಲುಭಾಗಕ್ಕಿಂತ ಹೆಚ್ಚು ಬಾಲವೇ. ನಮ್ಮ ಊರುಗಳಲ್ಲಿ ಹಾವು ಎಂದರೆ ತುದಿಯಿಂದ ತುದಿಗೇ ಅಳತೆ. ಎಷ್ಟು ಉದ್ದ ಇತ್ತು ಎಂದು ಕಟ್ಟೆಯ ಮೇಲೆ ಹೇಳುವುದಕ್ಕೆ ಅದೇ ಬೇಕು. ನಾನೂ ಕಟ್ಟೆಯ ಮೇಲಿನ ಅಳತೆಯನ್ನೇ ಚೀಟಿಯಲ್ಲಿ ಬರೆದಿದ್ದೆ.

ಸುಳ್ಳು ಹೇಳುವುದಿಲ್ಲ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೇ ಇದ್ದೆ. ಬೆರಳು ಛಲೋ ಅದಾವ ಎಂಬ ಮಾತು ಇನ್ನೂ ಕಿವಿಯಲ್ಲೇ ಇತ್ತು. ಹೇಗೂ ಗಂಟು ಗಂಟೇ, ಒತ್ತಿದರೆ ಬಂದರೂ ಬರಬಹುದು ಎಂದು ಮನಸ್ಸು ಒಂದು ದಾರಿ ಹುಡುಕಿತು. ಡಾಕ್ಟರು ಸಿರಿಂಜಿನ ಗಾಳಿ ತೆಗೆದು ನನ್ನ ಕಡೆ ತಿರುಗಿದರು.

"ಸಾಹೇಬ್ರ, ನಿಂದರ್ರಿ. ನಾ ತಪ್ಪ ಅಳದೇನಿ."

"ಏನಂದ್ರಿ?"

"ಬಾಲ ಕೂಡ್ಸಿ ಅಳದೇನ್ರಿ."

ಅವರು ನನ್ನನ್ನು ನೋಡಿದರು, ಹಾವನ್ನು ನೋಡಿದರು, ಕಪಾಟಿನ ಹಾಳೆ ನೋಡಿದರು. ಸಿರಿಂಜು ತಟ್ಟೆಯಲ್ಲಿ ಇಟ್ಟು, "ಟೇಪ ಹಿಡೀರಿ" ಎಂದರು. ಅಷ್ಟೇ.

ಮೂತಿಯಿಂದ ಸೀಳಿನವರೆಗೆ ನೂರಾ ಐವತ್ತೆರಡು. ಗಂಟು ಇದ್ದಲ್ಲೇ, ನೂರಾ ಎಂಟಕ್ಕೆ. ಈಗ ನೂರಕ್ಕೆ ಎಪ್ಪತ್ತೊಂದು ಬಂತು.

"ಬಾಲ ಬಿಟ್ರ ಐದ ಫೂಟಿಗೆ ಬಂತಲ್ರೀ ನಮ್ಮ ಹಾವು!" ಎಂದ ಹಾವು ಹಿಡಿಯುವವನು ನಿಜವಾಗಿಯೂ ನೊಂದುಕೊಂಡು.

ಡಾಕ್ಟರು ಕುರ್ಚಿ ಎಳೆದು ಕೂತರು. "ಇದು ಹೊಟ್ಟಿ ಅಲ್ಲ. ತತ್ತಿ ಇರೂ ಜಾಗಾ. ಈಕೀದ ತತ್ತೀನ ಒಳಗ ಸಿಕ್ಕೊಂಡಿದ್ರ, ನಾವು ಬಾಯಿ ಕಡೆ ಒತ್ತಿದ್ವಿ ಅಂದ್ರ ತತ್ತಿ ಚೀಲ ಹರದ ಹೋಗ್ತಿತ್ತು. ಇಲ್ಲೇ ಈ ಟೇಬಲ್ ಮ್ಯಾಲೆ ಮುಗೀತಿತ್ತು." ನನ್ನ ಚೀಟಿ ಕೈಗೆತ್ತಿಕೊಂಡು, "ನಾನೂ ನೋಡಬೇಕಿತ್ತು" ಎಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ಎಕ್ಸ್‌ರೇ ಇಲ್ಲದೆ ಮುಂದೆ ಹೋಗುವಂತಿರಲಿಲ್ಲ. ಡಾಕ್ಟರು ಅಂಗಡಿಯವರಿಗೆ ತಾವೇ ಫೋನ್ ಮಾಡಿ, ಸಂಜೆ ಮಂದಿ ಹೋದ ಮೇಲೆ ಬರುತ್ತೇವೆ, ಹಾವು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇರುತ್ತದೆ, ಟೇಬಲ್ಲಿಗೆ ಮೈ ತಾಗುವುದಿಲ್ಲ ಎಂದು ಒಪ್ಪಿಸಿದರು. ಹೋದಾಗ ಅಂಗಡಿಯವರು ಪೆನ್ನು ಹಿಡಿದು ಕೂತಿದ್ದರು.

"ಪೇಷಂಟ್ ಹೆಸರ ಏನಂತ ಬರೀಲ್ರಿ?"

"ಕೇರವ್ವ ಅಂತ ಬರೀರಿ. ಊರ ಹಿಪ್ಪರಗಿ" ಎಂದ ಹಾವು ಹಿಡಿಯುವವನು.

"ವಯಸ್ಸ?"

"ಹೆಣಮಕ್ಕಳ ವಯಸ್ಸ ಕೇಳ್ತಾರೇನ್ರಿ?"

"ಆತ ಬಿಡ್ರಿ. ಇನ್ನ ಉಸರ ಬಿಗಿಹಿಡಿ ಅಂತ ಈಕೀಗಿ ನೀವ ಹೇಳ್ರಿ, ನಾ ಬಟನ್ ಒತ್ತತೇನಿ" ಎಂದು ಅಂಗಡಿಯವರು ಗೋಡೆಯ ಹಿಂದೆ ಹೋದರು.

ಫಿಲ್ಮ್ ಬಂತು. ಕಲ್ಲಾಗಿದ್ದರೆ ಎಲುಬಿಗಿಂತ ಬೆಳ್ಳಗೆ ಎದ್ದು ಕಾಣಬೇಕಿತ್ತು. ಅಂಥದ್ದೇನೂ ಇರಲಿಲ್ಲ. ಸಾಲು ಸಾಲು ಪಕ್ಕೆಲುಬುಗಳ ನಡುವೆ, ಪೆನ್ಸಿಲಿನಿಂದ ತೆಳ್ಳಗೆ ಎಳೆದ ಹಾಗೆ, ಒಂದು ಉದ್ದುದ್ದನೆಯ ತತ್ತಿಯ ಗೆರೆ. ಒಂದೇ ಒಂದು. ಉಳಿದವನ್ನು ಎಲ್ಲೋ ಕಬ್ಬಿನ ಒಣಗರಿಯ ರವದಿಯಲ್ಲಿ ಇಟ್ಟು ಬಂದಿರಬೇಕು, ಕೊನೆಯದು ಸಿಕ್ಕಿಕೊಂಡಿದೆ ಎಂದರು ಡಾಕ್ಟರು.

ಮುದುಕಿ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದಳು. ಬೆಳಿಗ್ಗೆಯಿಂದ ಚಹಾ ಕೂಡ ಕುಡಿದಿರಲಿಲ್ಲ. ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದೆ. "ಆಯಿ, ಕಲ್ಲ ಇಲ್ಲ. ನಿಂದೇನೂ ತಪ್ಪಿಲ್ಲ."

ಆಕೆ ಫಿಲ್ಮ್ ನೋಡಲೇ ಇಲ್ಲ, ನನ್ನ ಮುಖ ನೋಡಿದಳು. "ಮುಂಜಾನಿ ನೀನ ಕೈ ಇಟ್ಟ ನೋಡಿ ಕಲ್ಲ ಐತಿ ಅಂದಿ. ಈಗ ಇಲ್ಲ ಅಂತಿ. ಮುದುಕಿಗಿ ಸಮಾಧಾನ ಆಗ್ಲಿ ಅಂತ ಹೇಳಾಕತ್ತೀಯೇನೋ ತಮ್ಮಾ? ಹಂಗಾರ ನನ್ನ ಕಲ್ಲ ಎಲ್ಲಿ ಹೋತು?"

ತಪ್ಪು ಅಳತೆಯನ್ನು ಚೀಟಿಯ ಮೇಲೆ ಒಂದು ಗೆರೆ ಎಳೆದು ತಿದ್ದಿದ್ದೆ. ಅದೇ ಅಳತೆ ನಂಬಿ ಬೆಳಿಗ್ಗೆ ನಾನು ಆಡಿದ ಮಾತು ಆಕೆಯ ಎದೆಯಲ್ಲಿ ಕೂತುಬಿಟ್ಟಿತ್ತು. ಅದನ್ನು ತಿದ್ದುವುದು ಹೇಗೆ ಎಂದು ತಿಳಿಯಲಿಲ್ಲ.

ಹಾವನ್ನು ನಮ್ಮಲ್ಲೇ ಇಟ್ಟುಕೊಂಡೆವು. ದೊಡ್ಡ ಡಬ್ಬಿಯಲ್ಲಿ ಹಸಿ ಉಸುಕು, ಮೇಲೆ ಕತ್ತಲೆಗೆ ಗೋಣಿಚೀಲ, ಹೊರಗಿನಿಂದ ಬೆಚ್ಚಗೆ ಒಂದು ಬಲ್ಬು. ಕೆಲವು ಸಲ ಇಷ್ಟಕ್ಕೇ ತತ್ತಿ ತಾನಾಗಿ ಹೊರಗೆ ಬರುತ್ತದಂತೆ. ಮೊದಲ ದಿನ ಬರಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಹಾವು ನಾಲಿಗೆ ಚಾಚುವುದೂ ಕಡಿಮೆಯಾಯಿತು. ದಿನಾ ಬೆಳಿಗ್ಗೆ ಯಾರದೋ ಫೋನಿನಿಂದ ಮುದುಕಿಯ ಕರೆ. "ಹೆಂಗದಾಳ?" ಎಂದು ಒಂದೇ ಮಾತು ಕೇಳಿ ಇಟ್ಟುಬಿಡುತ್ತಿದ್ದಳು.

ಇನ್ನು ಕಾಯುವುದೋ, ಕೊಯ್ಯುವುದೋ? ಡಾಕ್ಟರು ನಡುವಿನ ದಾರಿ ಹಿಡಿದರು. ಕಡಿಮೆ ಅರಿವಳಿಕೆ ಕೊಟ್ಟು, ಹೊಟ್ಟೆಯ ಹುರುಪೆಗಳ ಸಂದಿಯಿಂದ ಸೂಜಿ ಚುಚ್ಚಿ, ತತ್ತಿಯೊಳಗಿನದನ್ನು ಎಳೆದು ತೆಗೆದರೆ ತತ್ತಿ ಕುಗ್ಗುತ್ತದೆ, ಆಮೇಲೆ ಹಾವು ಅದನ್ನು ತಾನೇ ತಳ್ಳಬಹುದು. ನಾನು ಎರಡೂ ಕಡೆ ಬೆರಳು ಕೊಟ್ಟು ತತ್ತಿ ಅಲುಗದಂತೆ ಹಿಡಿದೆ. ಮೊದಲ ಸೂಜಿ ಕಟ್ಟಿಕೊಂಡಿತು. ಒಳಗಿನದು ಹಳೆಯ ಮೊಸರಿನ ಹಾಗೆ ದಪ್ಪಗಾಗಿತ್ತು. ದಪ್ಪ ಸೂಜಿ ಹಾಕಿ, ಸ್ವಲ್ಪ ಸಲೈನ್ ಬಿಟ್ಟು ತೆಳುಮಾಡಿ, ಸಿರಿಂಜು ಎಳೆದರು. ಹಳದಿ ರಸ ಒಂದಿಷ್ಟು ಬಂತು, ನಿಂತಿತು, ಮತ್ತೆ ಬಂತು. ನನ್ನ ಬೆರಳುಗಳ ನಡುವಿನ ಗಟ್ಟಿತನ ಗಾಳಿ ಹೋದ ಟ್ಯೂಬಿನ ಹಾಗೆ ಇಳಿಯಿತು. ಕಲ್ಲು ಹೀಗೆ ಇಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಗೋಣಿಚೀಲ ಎತ್ತಿದಾಗ ಉಸುಕಿನ ಮೇಲೆ ಸುಲಿದು ಎಸೆದ ಸಿಪ್ಪೆಯ ಹಾಗೆ ಸುಕ್ಕುಗಟ್ಟಿದ ತತ್ತಿ ಬಿದ್ದಿತ್ತು. ಹಾವು ಮೂಲೆಯಲ್ಲಿ ಕತ್ತೆತ್ತಿ ನನ್ನನ್ನೇ ನೋಡುತ್ತಿತ್ತು. ಕೈ ಮುಂದೆ ಮಾಡಿದೆ. ಕಚ್ಚಲು ಬಂತು. ಅಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ಮತ್ತೆ ಐದು ದಿನ ನೋಡಿಕೊಂಡು, ಅರಣ್ಯ ಇಲಾಖೆಯ ಗಾರ್ಡಿನ ಎದುರು, ಹಿಪ್ಪರಗಿಯಲ್ಲಿ ಅದರ ಜಾಗದ ಹತ್ತಿರದ ಕಬ್ಬಿನ ಬದುವಿನಲ್ಲೇ ಬಿಟ್ಟೆವು. ಮುದುಕಿಯೂ ಬಂದು ನಿಂತಿದ್ದಳು. ಹಾವು ಹೋಗುವುದನ್ನು ಬಾಲ ಮರೆಯಾಗುವವರೆಗೂ ನೋಡಿದಳು. "ಕಲ್ಲ ಹೊತಗೊಂಡ ಹೋದ್ಲು" ಎಂದಳು. ಇನ್ನೂ ನಂಬಿರಲಿಲ್ಲ. ಕೋಳಿಗಳನ್ನೂ ಪಕ್ಕದ ಮನೆಗೆ ಕೊಟ್ಟಿದ್ದಳು.

ಅಲ್ಲಿಂದ ಹಾಗೇ ಬರಲು ಮನಸ್ಸಾಗಲಿಲ್ಲ. "ಆಯಿ, ಕೋಳಿ ಬುಟ್ಟಿ ಎಲ್ಲಿ ಇಡ್ತಿದ್ದಿ ತೋರ್ಸು" ಎಂದೆ.

ದನದ ಕೊಟ್ಟಿಗೆಯ ಮೂಲೆ. ಬುಟ್ಟಿ ಕವುಚಿ ಹೊಟ್ಟು ಜಾಲಾಡಿದೆ, ಇಲ್ಲ. ಗ್ವಾದಲಿಯ ಸಂದಿ ನೋಡಿದೆ, ಇಲ್ಲ. ಬುಟ್ಟಿ ಇದ್ದ ಜಾಗದ ಹಿಂದೆ ಗೋಡೆಯ ಬುಡದಲ್ಲಿ ಒಂದು ಬಿಲ ಇತ್ತು, ಬಾಯಲ್ಲಿ ಹೊಸ ಮಣ್ಣು. ಒಳಗೆ ಬೇರೆ ಹಾವು ಇಲ್ಲ ಎಂದು ಹಾವು ಹಿಡಿಯುವವನು ಮೊದಲು ಕೋಲಿನಿಂದ ಪರೀಕ್ಷೆ ಮಾಡಿದ. ಆಮೇಲೆ ನಾನು ಕುರ್ಪಿಯಿಂದ ಅಗೆದೆ. ಮೊಣಕೈ ಆಳದಲ್ಲಿ ಜೋಳದ ಕಾಳು, ಚಿಂದಿ ಬಟ್ಟೆ, ಖರೆ ತತ್ತಿಯ ಒಡೆದ ಚೂರು. ಅದರ ಹಿಂದೆ ಕೈಗೆ ನುಣ್ಣಗೆ ತಾಗಿತು. ಈ ಸಲ ಹೆಸರು ಇಡಲಿಲ್ಲ. ಸುಮ್ಮನೆ ಹೊರಗೆ ತೆಗೆದು ಆಕೆಯ ಕೈಯಲ್ಲಿಟ್ಟೆ.

ಮುದುಕಿ ಸೆರಗಿನಿಂದ ಮಣ್ಣು ಒರೆಸಿದಳು. ಬಿಳಿ ಕಲ್ಲಿನ ತುಂಬ ಸಣ್ಣ ಸಣ್ಣ ಹಲ್ಲಿನ ಗೀರು.

"ಹೆಗ್ಗಣ!" ಎಂದಳು. ಆಮೇಲೆ ನಗು ಶುರುವಾಯಿತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ತತ್ತಿ ಅಂತ ಎಳಕೊಂಡ ಹೋಗಿ ಎಷ್ಟ ದಿನಾ ಕಡದೈತೋ ಯಪ್ಪಾ! ಹಲ್ಲ ಮುರದಿರಬೇಕ ಅದರವ!"

"ಹೆಗ್ಗಣಕ್ಕೂ ಅದೇ ಆಗೇತಿ, ನಮಗೂ ಅದೇ ಆಗೇತಿ" ಎಂದೆ.

"ನಿನಗ ಆಗೇತಿ. ನನಗ್ಯಾಕ ಸೇರಸ್ತಿ? ಕೈ ಇಟ್ಟ ಕಲ್ಲ ಅಂದಾಂವ ನೀನು" ಎಂದು ನನ್ನ ಬೆನ್ನಿಗೆ ಒಂದು ಗುದ್ದಿ, ಚಹಾ ಮಾಡಲು ಒಳಗೆ ಹೋದಳು. ಒಳಗಿನಿಂದ ಪಕ್ಕದ ಮನೆಯವರಿಗೆ ಕೋಳಿ ತಿರುಗಿ ಕಳಿಸಲು ಕೂಗಿ ಹೇಳುವುದು ಕೇಳಿಸಿತು. ಈ ಸಲ ಹಾವು ನುಂಗಿರಲಿಲ್ಲ, ಆದರೆ ನಾಗರಹಾವು ತತ್ತಿ ತಿನ್ನುತ್ತದೆ, ಕಲ್ಲು ಇಡುವುದು ಬೇಡ ಎಂದು ಚಹಾ ಕುಡಿಯುತ್ತ ಹೇಳಿದೆ. ಒಪ್ಪಿದಳು. ಈಗ ಆ ಕಲ್ಲು ಅವಳ ಉಪ್ಪಿನ ಗಡಿಗೆಯ ಮುಚ್ಚಳದ ಮೇಲೆ ಭಾರಕ್ಕೆ ಕೂತಿದೆ.

ನಮ್ಮ ಕಪಾಟಿನ ಹಾಳೆಯ ಮೇಲೆ ಹಾವಿನ ಬಾಲ ಶುರುವಾಗುವಲ್ಲಿ ನಾನು ಕೆಂಪು ಗೆರೆ ಎಳೆದಿದ್ದೇನೆ. ದಾಖಲೆ ಪುಸ್ತಕದಲ್ಲಿ ಉದ್ದಕ್ಕೆ ಎರಡು ಖಾನೆ ಮಾಡಿದ್ದೇನೆ, ಮೊದಲನೆಯದು ಬಾಲ ಬಿಟ್ಟು, ಎರಡನೆಯದು ಬಾಲ ಸೇರಿಸಿ. ಹಾವು ಹಿಡಿಯುವವನು ಮಾತ್ರ ಈಗಲೂ ಎರಡನೇ ಖಾನೆಯನ್ನೇ ಕಟ್ಟೆಯ ಮೇಲೆ ಹೇಳುತ್ತಾನೆ, ಅದೂ ಏಳು ಫೂಟ್ ಎಂದೇ.

ಇದನ್ನು ಓದಿದವರಲ್ಲಿ ಹಾವಿನ ಗಂಟು ನೋಡಿದ ಪಶು ವೈದ್ಯರು, ನನ್ನಂಥ ಸಹಾಯಕರು, ಹಾವು ಹಿಡಿಯುವವರು ಇರಬಹುದು. ಮೊದಲೇ ಹೆಸರಿಟ್ಟು ಆಮೇಲೆ ಮುಟ್ಟಿ ನೋಡಿದ ಒಂದು ಸಲ ನಿಮಗೂ ಇದ್ದೇ ಇರುತ್ತದೆ. ನಾಚಿಕೆ ಪಡದೆ ಬರೆಯಿರಿ. ನಾನು ತಡವಾಗಿ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ.